ಸೋಮಣ್ಣನ ಸಾಲು

ಹಾಡು ಮುದ್ರಿಸಲು ಗ್ರಾಮೋಫೋನ್ ಕಂಪನಿಯ ಯಂತ್ರ ಹೇರಿಕೊಂಡು ಗೋಕಾಕದಿಂದ ಮೂಡಲಗಿಗೆ ಎತ್ತಿನ ಗಾಡಿಯಲ್ಲಿ ಬರುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿತ್ತು. ಹಾಡುವವರು ಭಜನಿ ಮೇಳದ ಮೂವರು. ಹಾಡು ಕಟ್ಟುವುದೂ ಅವರೇ. ಒಬ್ಬೊಬ್ಬರು ಕಟ್ಟಿದ ಸಾಲನ್ನು ಅವರವರೇ ಹಾಡಬೇಕು, ಪಲ್ಲವಿಗೆ ಎಲ್ಲರೂ ದನಿಗೂಡಿಸಬೇಕು.

ಮೂರನೆಯ ಸಾಲು ಮುಗಿದದ್ದೇ ಮೂವರೂ ಗಪ್ಪಾದರು, ತಾಳವೂ ನಿಂತಿತು. ಒಂದು ಸಾಲಿನಷ್ಟು ಹೊತ್ತು ಬಿಟ್ಟು ಮತ್ತೆ ಪಲ್ಲವಿ ಎತ್ತಿದರು. ದನಿ ಹಿಡಿಯುವ ಮೇಣದ ತಟ್ಟೆ ಒಂದು ಹಾಳಾಯಿತು.

“ಯಾಕ್ರಿ ನಿಂತ್ರಿ?” ಎಂದೆ.

“ಅದು ನಮ್ಮ ಸೋಮಣ್ಣನ ಸಾಲ್ರಿ. ಹ್ವಾದ ಸುಗ್ಗ್ಯಾಗ ತೀರ್ಕೊಂಡ,” ಎಂದ ಹಿರಿಯ ಬಸಪ್ಪ.

“ಹಂಗಾದ್ರ ಅದನ್ನ ಬಿಟ್ಟು ಮುಂದ ಹೋಗ್ರಿ.”

“ಬಿಟ್ಟು ಹೋದ್ರ ಅಂವಾ ಇರಲೇ ಇಲ್ಲ ಅಂದಂಗಾತಲ್ರಿ?”

ವಾದಿಸುವ ತ್ರಾಣ ನನಗಿರಲಿಲ್ಲ. ಉಳಿದಿದ್ದ ಒಂದೇ ತಟ್ಟೆಯನ್ನು ಇಟ್ಟು ಹಾಡಿಸಿದೆ. ಆ ಸಾಲು ಬಂದಾಗ ನಾನೂ ಉಸಿರು ಬಿಗಿಹಿಡಿದು ಕೂತೆ.

ಕಂಪನಿಯವರು ಕೇಳಿ, ನಡುವೆ ದನಿಯೇ ಹಿಡಿದಿಲ್ಲ, ಯಂತ್ರ ಕೆಟ್ಟಿದೆ ಎಂದು ಅದನ್ನು ರಿಪೇರಿಗೆ ಕಳಿಸಿದರು. ನಾನು ಬಾಯಿ ಬಿಡಲಿಲ್ಲ. ಸೋಮಣ್ಣನ ದಯೆಯಿಂದ ನನಗೆ ಎಂಟು ದಿನ ಮೈ ಚಾಚಲು ಸಿಕ್ಕಿತು.