ಖಾಲಿ ಜಾಗ ಕಾಯುವ ಗೌಸಬಿ

ಬೆಳಗಿನ ಐದೂವರೆ. ಸವಣೂರಿನ ಬಸ್ ನಿಲ್ದಾಣದ ಮಗ್ಗುಲಿಗಿರುವ ಸೈಕಲ್ ಸ್ಟ್ಯಾಂಡಿನಲ್ಲಿ ಗೌಸಬಿಯವರ ಕಸಬರಿಗೆ ಆಗಲೇ ಅರ್ಧ ಅಂಗಳ ದಾಟಿದೆ. ತಲೆಯ ಮೇಲಿನ ಸೆರಗನ್ನು ಸೊಂಟಕ್ಕೆ ತಂದು ಬಿಗಿದಿದ್ದಾರೆ. ಹುಬ್ಬಳ್ಳಿಯ ಮೊದಲ ಬಸ್ಸು ಹಿಡಿಯುವವರು ಸೈಕಲ್ ದೂಡಿಕೊಂಡು ಬಂದು, ಅರೆನಿದ್ದೆಯಲ್ಲೇ ತಗಡಿನ ಬಿಲ್ಲೆ ಇಸಿದುಕೊಂಡು ಹೋಗುತ್ತಾರೆ. ಒಂದು ಬಿಲ್ಲೆ ಸೈಕಲ್ಲಿನ ಹ್ಯಾಂಡಲಿಗೆ, ಅದೇ ನಂಬರಿನ ಇನ್ನೊಂದು ಸೈಕಲ್ ಯಜಮಾನನ ಜೇಬಿಗೆ.

ಬಸ್ಸು ನಿಲ್ಲುವ ಕಡೆಗಿನ ಮೂಲೆಯಲ್ಲಿ, ಬೇವಿನ ಮರದ ಬುಡದ ನಾಲ್ಕು ಮಾರು ಜಾಗವನ್ನು ಮಾತ್ರ ಅವರು ಎರಡು ಸಲ ಗುಡಿಸುತ್ತಾರೆ. ನೀರು ಚಿಮುಕಿಸುತ್ತಾರೆ. ಗಾಜಿನ ಚೂರು, ಮೊಳೆ, ಆರದ ಬೀಡಿ ತುಂಡು ಏನಾದರೂ ಉಳಿದಿದೆಯೇ ಎಂದು ಬಗ್ಗಿ ನೋಡುತ್ತಾರೆ. ಇಡೀ ಸ್ಟ್ಯಾಂಡಿನಲ್ಲಿ ಒಳ್ಳೆಯ ನೆರಳಿರುವುದು ಅದೊಂದೇ ಮೂಲೆಯಲ್ಲಿ. ಅಲ್ಲಿ ಒಂದೂ ಸೈಕಲ್ ಇಲ್ಲ.

"ಅಲ್ಲೆ ಕೈ ಊರಿ ನಡಿಯೋ ಮಂದಿ ಇಳೀತಾರ್ರಿ," ಅನ್ನುತ್ತಾರೆ ಗೌಸಬಿ. "ನಮಗ ನಿಮಗ ಕಾಲಾಗ ಚಪ್ಪಲಿ ಇರ್ತಾವ. ಅವರಿಗೆ ಕೈನ ಕಾಲು. ಮುಳ್ಳ ಇದ್ರ ಅಂಗೈಗೇ ನಡತೈತಿ."

ಆರಕ್ಕೆ ಹತ್ತು ನಿಮಿಷ ಇರುವಾಗ ಮಾಳಪ್ಪನವರ ಮೂರು ಗಾಲಿಯ ಗಾಡಿ ಬರುತ್ತದೆ. ಎದೆಯ ಮುಂದಿನ ಹಿಡಿಕೆಯನ್ನು ಕೈಯಿಂದ ತಿರುವಿ ಓಡಿಸುವ ಗಾಡಿ ಅದು. ಎರಡನೇ ವರ್ಷದಲ್ಲಿ ಬಂದ ಪೋಲಿಯೊದಿಂದ ಮಾಳಪ್ಪನವರ ಕಾಲು ಎರಡೂ ಸೊರಗಿವೆ. ಬಂಕಾಪುರದಲ್ಲಿ ಅವರದೊಂದು ಗಡಿಯಾರ ರಿಪೇರಿಯ ಅಂಗಡಿ. ಬೇವಿನ ಬುಡದಲ್ಲಿ ಗಾಡಿ ನಿಲ್ಲಿಸಿ, ಹಳೆಯ ಟೈರಿನಿಂದ ಕತ್ತರಿಸಿದ ರಬ್ಬರಿನ ತುಂಡುಗಳನ್ನು ಅಂಗೈಗೆ ಕಟ್ಟಿಕೊಂಡು, ನೆಲಕ್ಕಿಳಿದು, ಕೈ ಊರುತ್ತ ಊರುತ್ತ ಬಸ್ಸಿನ ಮೆಟ್ಟಿಲು ಮುಟ್ಟುತ್ತಾರೆ. ಗೌಸಬಿ ಎಣಿಸಿದ್ದಾರೆ: ಮರದಿಂದ ಬಸ್ಸಿಗೆ ಇಪ್ಪತ್ತೆರಡು ಸಲ ಕೈ ಊರಬೇಕು. ಆ ಮೂಲೆಯಲ್ಲಿ ಯಾರದೋ ಸ್ಕೂಟರ್ ನಿಂತಿತೋ, ಗಾಡಿಯನ್ನು ರಸ್ತೆಯಾಚೆ ಗಟಾರದ ಅಂಚಿಗೆ ಬಿಟ್ಟು ಬರಬೇಕು. ಆಗ ನೂರಾ ಎಂಬತ್ತು. ಅದೂ ಜನ ಎಲೆಅಡಿಕೆ ಉಗುಳಿದ, ಎತ್ತು ಸೆಗಣಿ ಹಾಕಿದ ನೆಲದ ಮೇಲೆ.

ಇಪ್ಪತ್ತೆರಡು ನೂರಾ ಎಂಬತ್ತಾಗದಂತೆ ನೋಡಿಕೊಳ್ಳುವುದು ನಾಲ್ಕು ವರ್ಷಗಳಿಂದ ಗೌಸಬಿಯವರ ಕೆಲಸ. ಯಾರೂ ಹೇಳಿ ಮಾಡಿಸುವ ಕೆಲಸವಲ್ಲ.

ಸ್ಟ್ಯಾಂಡು ಮೊದಲು ಗಂಡ ಇಸ್ಮಾಯಿಲಸಾಬರದು. ಅಕ್ಕಿಆಲೂರಿನ ಗಿರಣಿಯಲ್ಲಿ ಹತ್ತು ವರ್ಷ ಹೊಟ್ಟಿನ ದೂಳು ನುಂಗಿ, ದಮ್ಮು ಹಚ್ಚಿಕೊಂಡು ಊರಿಗೆ ಮರಳಿ ಹಿಡಿದ ಉದ್ಯೋಗ. ಗಿರಣಿಯ ದೂಳಿಗಿಂತ ಬಸ್ಸಿನ ದೂಳು ವಾಸಿ ಅಂದುಕೊಂಡಿದ್ದರು; ವಾಸಿಯಾಗಿರಲಿಲ್ಲ. ಸಾವಿರದ ಒಂಬೈನೂರ ಎಪ್ಪತ್ತಾರರ ಬೇಸಿಗೆಯಲ್ಲಿ ಹಾಸಿಗೆ ಹಿಡಿದಾಗ, ಎರಡು ದಿನ ನೋಡಿಕೊಂಡು ಬಾ ಎಂದು ಹೆಂಡತಿಯನ್ನು ಕಳಿಸಿದರು. ಒಂಬತ್ತು ವರ್ಷವಾಯಿತು, ಆ ಎರಡು ದಿನ ಇನ್ನೂ ಮುಗಿದಿಲ್ಲ.

ಹೆಣ್ಣುಮಗಳು ಬಸ್ ನಿಲ್ದಾಣದಲ್ಲಿ ಕೂತು ಗಂಡಸರ ಸೈಕಲ್ ಕಾಯುವುದೇ ಎಂದು ಓಣಿಯಲ್ಲಿ ಮೂಗು ಮುರಿದವರು ಬಹಳ. ಅತ್ತೆ ಮಾತೇ ಬಿಟ್ಟರು. "ಆರು ತಿಂಗಳ ಮಾತಾಡ್ಲಿಲ್ರಿ," ಎಂದು ಗೌಸಬಿ ನಗುತ್ತಾರೆ. "ಏಳನೇ ತಿಂಗಳ ಅವರು ಹಾನಗಲ್ಲಿಗೆ ಹೋಗೋರಿದ್ರು, ಹೊತ್ತಾಗಿತ್ತು. 'ಗೌಸಬೀ, ಬಸ್ ನಿಂದರ್ಸ!' ಅಂತ ಆ ಕಡಿಂದನ ಒದರಿದ್ರು. ನಿಂದರ್ಸಿದೆ. ಅಲ್ಲಿಗೆ ಮುಗೀತು ಸಿಟ್ಟು."

ಈಗ ಮನೆಯಲ್ಲಿ ಒಲೆ ಇಸ್ಮಾಯಿಲಸಾಬರದು, ಹೊರಗೆ ಅಂಗಳ ಗೌಸಬಿಯವರದು. ಮಧ್ಯಾಹ್ನದ ಬುತ್ತಿ ಗಂಡನೇ ಕಟ್ಟಿ ಕಳಿಸುತ್ತಾರೆ. ರೊಟ್ಟಿ ದುಂಡಗಾಗಿರುವುದಿಲ್ಲ ಎಂಬುದೊಂದು ಬಿಟ್ಟರೆ ಹೆಂಡತಿಯಿಂದ ಬೇರೆ ತಕರಾರಿಲ್ಲ. ದಿನಕ್ಕೆ ನೂರಾ ಮೂವತ್ತು ಸೈಕಲ್ಲು, ಹತ್ತು ಹನ್ನೆರಡು ಸ್ಕೂಟರು, ಲೂನಾ. ಸಂತೆಯ ದಿನ ಇನ್ನೂರು ದಾಟುತ್ತದೆ. ರಾತ್ರಿ ಎಂಟರವರೆಗೆ ಕಾವಲು. ಒಂಬತ್ತು ವರ್ಷದಲ್ಲಿ ಕಾಣೆಯಾದದ್ದು ಒಂದೇ ಸೈಕಲ್. ಅದನ್ನೂ ಯಜಮಾನನ ಅಣ್ಣನೇ ಹೇಳದೆ ಒಯ್ದಿದ್ದ.

ಬೇವಿನ ಮೂಲೆಯ ಕತೆ ಸುರುವಾದದ್ದು ಎಂಬತ್ತೊಂದರಲ್ಲಿ. ಅಂಗವಿಕಲರ ವರ್ಷವೆಂದು ಆಗ ಅಲ್ಲಲ್ಲಿ ಸಮಾರಂಭಗಳಾದವು. ಈ ಸುತ್ತಿನ ಮೂವರಿಗೆ ಮೂರು ಗಾಲಿಯ ಗಾಡಿ ಸಿಕ್ಕವು: ಗಡಿಯಾರದ ಮಾಳಪ್ಪ, ಸಂತೆಗಳಿಗೆ ವೀಳ್ಯದೆಲೆ ಒಯ್ಯುವ ಒಂಟಿಕಾಲಿನ ತಿಪ್ಪವ್ವ, ಶಿಗ್ಗಾವಿಯಲ್ಲಿ ಹೊಲಿಗೆ ಕೆಲಸ ಮಾಡುವ ದಿಲಾವರ. ಹಾರ ಹಾಕಿದರು, ಫೋಟೊ ತೆಗೆದರು. ಮರುದಿನ ಮೂವರೂ ಹುರುಪಿನಿಂದ ಗಾಡಿ ಓಡಿಸಿಕೊಂಡು ಬಸ್ ನಿಲ್ದಾಣದವರೆಗೆ ಬಂದರು. ಮುಂದೇನು? ಗಾಡಿ ಬಸ್ಸು ಏರುವುದಿಲ್ಲ, ಬೀದಿಯಲ್ಲಿ ಬಿಟ್ಟು ಹೋಗುವಂತಿಲ್ಲ. ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದನ್ನು ಗೌಸಬಿ ಕಂಡರು. "ಗಾಡಿ ಕೊಟ್ಟೋರು ನಿಂದರ್ಸೋ ಜಾಗಾ ಕೊಡೋದ ಮರತಿದ್ರು. ಅದಕ್ಕ ನಾ ಕೊಟ್ಟೆ," ಎಂದು ಅವರು ಹೇಳುವಾಗ ಅದರಲ್ಲಿ ದೊಡ್ಡಸ್ತಿಕೆ ಇಲ್ಲ, ಉಪ್ಪು ಎರವಲು ಕೊಟ್ಟ ದನಿ ಇದೆ.

ಆರು ತಿಂಗಳಿಗೆ ಪುರಸಭೆಯ ಬೋರ್ಡೂ ಬಂತು: ಅಂಗವಿಕಲರ ಗಾಡಿಗಳಿಗೆ ಮಾತ್ರ. ನಿಜವಾದ ಪಜೀತಿ ಆಮೇಲೆಯೇ. ಅಲ್ಲಿ ಅಷ್ಟು ಒಳ್ಳೆಯ ನೆರಳಿದೆ ಎಂದು ಗೊತ್ತಿಲ್ಲದವರಿಗೂ ಬೋರ್ಡಿನಿಂದ ಗೊತ್ತಾಯಿತು. ಸೈಕಲ್ಲುಗಳನ್ನು ಬೋರ್ಡಿಗೇ ಆನಿಸಿ ಇಟ್ಟರು. ಅದರ ಮೊಳೆಗೆ ಚೀಲ ತೂಗುಹಾಕಿದರು. ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು, ಐದೇ ನಿಮಿಷ. ಖಾಲಿಯೇ ಇದೆಯಲ್ಲ ಅನ್ನುವುದು ಇನ್ನೊಂದು.

"ಖಾಲಿ ಇರೋದ ಅದರ ಕೆಲಸ," ಎಂದು ಗೌಸಬಿ ಗದರುತ್ತಾರೆ. ಬಾಯಿ ಜೋರು ಎಂದು ಅವರಿಗೆ ಊರಲ್ಲಿ ಹೆಸರು. ಮಾರ್ಕೆಟ್ಟಿನ ತುದಿಗೆ ಕೇಳಿಸುತ್ತದೆ. ಬಾಯಿ ಸಾಲದೆಂದು ಒಂದು ಉಪಾಯವನ್ನೂ ಮಾಡಿದರು. ಒಂದು, ಎರಡು, ಮೂರು ನಂಬರಿನ ಬಿಲ್ಲೆಗಳನ್ನು ಆ ಮೂವರಿಗೆ ಕೊಟ್ಟು, ಇವು ನಿಮ್ಮ ಮನೆಯಲ್ಲೇ ಇರಲಿ, ವಾಪಸ್ ಕೊಡಬೇಡಿ ಅಂದರು. ಯಾರಾದರೂ ಆ ಮೂಲೆ ಕೇಳಿದರೆ, "ಆ ನಂಬರ ಹೊರಗ ಹೋಗ್ಯಾವ್ರಿ, ಜಾಗಾ ತುಂಬೇತಿ" ಅನ್ನುತ್ತಾರೆ. ಬೋರ್ಡಿಗೆ ಬಗ್ಗದವರು ಬಿಲ್ಲೆಗೆ ಬಗ್ಗಿದರು. ನಂಬರು ಕೊಟ್ಟಾಗಿದೆ ಅಂದರೆ ಈ ಕಡೆಯ ಜನ ವಾದಿಸುವುದಿಲ್ಲ.

ವಾದಿಸದೆ ನಾಟಕ ಮಾಡಿದವನೂ ಒಬ್ಬನಿದ್ದ. ಹೊಸ ಸ್ಕೂಟರಿನ ತರುಣ; ಇಳಿದವನೇ ಕುಂಟತೊಡಗಿದ. ಗೌಸಬಿ ಮರುಗಿ, ದಿಲಾವರ ಆ ದಿನ ರಜೆಯಲ್ಲಿದ್ದುದರಿಂದ, ಜಾಗ ಕೊಟ್ಟರು. ಅಷ್ಟರಲ್ಲಿ ಹಿರೇಕೆರೂರಿನ ಬಸ್ಸು ಹೊರಟಿತು. ಕುಂಟುತ್ತಿದ್ದವನು ಹುಲ್ಲೆಯ ಹಾಗೆ ಹಾರಿ ಓಡಿ ಬಸ್ಸು ಹಿಡಿದ. ಸಂಜೆ ಅವನು ಮರಳಿದಾಗ ಗೌಸಬಿ ಹತ್ತು ಜನರ ಎದುರಿಗೆ ಅಕ್ಕರೆಯಿಂದ ಕೇಳಿದರು: "ಕಾಲು ಆರಾಮಾತೇನ್ರಿ? ನಮ್ಮ ಬೇವಿನ ಗಾಳಿಗೆ ಭಾಳ ಗುಣ ಐತಿ ನೋಡ್ರಿ." ಅವನು ಮತ್ತೆ ಸವಣೂರಿಗೆ ಸ್ಕೂಟರಿನಲ್ಲಿ ಬಂದದ್ದನ್ನು ಯಾರೂ ಕಂಡಿಲ್ಲ.

ತಪ್ಪು ಅವರದೂ ಒಮ್ಮೆ ಆಗಿದೆ, ಅದನ್ನು ಮುಚ್ಚಿಡುವುದಿಲ್ಲ. ಮೊದಮೊದಲು ಆ ಮೂಲೆಯಲ್ಲಿ ಬೇರೆ ಗಾಡಿ ಕಂಡರೆ ಗಾಲಿಯ ಹವಾ ಬಿಟ್ಟುಬಿಡುತ್ತಿದ್ದರು. ಒಂದು ಮಧ್ಯಾಹ್ನ ಹಾಗೆ ಒಂದು ಸ್ಕೂಟರಿನ ಎರಡೂ ಗಾಲಿಯ ಹವಾ ಬಿಟ್ಟು ನೆಮ್ಮದಿಯಿಂದ ಚಹಾ ಕುಡಿಯುತ್ತಿರುವಾಗ, ತಿಪ್ಪವ್ವ ಬಸ್ಸಿನಿಂದಿಳಿದು ಬಂದು, ಆ ಸ್ಕೂಟರಿನ ಮುಂದೆ ಕಕ್ಕಾಬಿಕ್ಕಿಯಾಗಿ ನಿಂತರು. ಅವರ ಗಾಡಿಯ ಚೈನು ತುಂಡಾಗಿತ್ತು. ನೆರೆಮನೆಯ ನಾಗಪ್ಪ ತನ್ನ ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದು, ಮರಳಿ ಒಯ್ಯಲೆಂದು ಅಲ್ಲಿಟ್ಟಿದ್ದ. "ಸೈಕಲ್ ಪಂಪಿಲೆ ಎರಡೂ ಗಾಲಿಗೆ ನಾನ ಹವಾ ಹೊಡದೆ. ಎರಡ ದಿನ ತೋಳ ಎತ್ತಾಕ ಬರಲಿಲ್ಲ," ಅನ್ನುತ್ತಾರೆ. "ಅವತ್ತಿಂದ ಮೊದ್ಲ ಕೇಳ್ತೇನಿ, ಆಮ್ಯಾಲ ಬೈತೇನಿ."

ಇವೆಲ್ಲ ಹೊರಗಿನವರ ಮಾತಾಯಿತು. ಗೌಸಬಿ ನಿಜವಾಗಿ ಸೋಲುತ್ತಿದ್ದುದು ಮಾಳಪ್ಪನವರ ಎದುರಿಗೆ. ಯಾರಾದರೂ ಹಿರಿಯರು, ಅಧಿಕಾರಿಗಳು, ಮದುವೆಗೆ ಬಂದ ಬೀಗರು ಬೇವಿನ ಬುಡದಲ್ಲಿ ಗಾಡಿ ಇಟ್ಟರೆ, ಗೌಸಬಿ ಬಾಯಿ ತೆರೆಯುವ ಮೊದಲೇ ಮಾಳಪ್ಪ ಕೈ ಎತ್ತಿ, "ಇರ್ಲಿ ಬಿಡ್ರಿ ಅಕ್ಕಾರ, ದೊಡ್ಡವರು ಬಂದಾರ" ಎಂದು ಗಟಾರದ ಕಡೆ ಗಾಡಿ ತಿರುಗಿಸಿಬಿಡುತ್ತಿದ್ದರು. ಅವರನ್ನು ದೂರುವುದಾದರೂ ಹೇಗೆ? ಬುದ್ಧಿ ಬಂದಾಗಿನಿಂದ ಯಾರದೋ ಹೆಗಲು, ಯಾರದೋ ಕೈ. ಉಪಕಾರ ಪಡೆದು ಪಡೆದು ದಣಿದ ಜೀವಕ್ಕೆ ತಾನೂ ಒಬ್ಬರಿಗೆ ಏನಾದರೂ ಕೊಡಬೇಕೆಂಬ ಆಸೆ. ಕೊಡಲು ಅವರ ಹತ್ತಿರ ಇದ್ದದ್ದು ಆ ಜಾಗವೊಂದೇ.

ಹೋದ ವರ್ಷ ಯುಗಾದಿಯ ಮುಂಚೆ ಒಬ್ಬ ಗುತ್ತಿಗೆದಾರರ ಜೀಪು ದಿನಾ ಬೆಳಗ್ಗೆ ಆ ಮೂಲೆಗೆ ಬಂದು ನಿಲ್ಲತೊಡಗಿತು. ಒಂದು ಜೀಪೆಂದರೆ ಮೂರು ಗಾಡಿಯ ಜಾಗ. ಧಣಿ ಹೋಟೆಲಿನಲ್ಲಿ ಚಹಾ ಕುಡಿಯುವಷ್ಟು ಹೊತ್ತು ಗೌಸಬಿಗೂ ಚಾಲಕನಿಗೂ ಜಟಾಪಟಿ. ಐದನೇ ದಿನ ಚಾಲಕ, "ನಮ್ಮ ಸಾಹೇಬ್ರಿಗೆ ಹೇಳಿ ಈ ಸ್ಟ್ಯಾಂಡನ ಎತ್ತಸ್ತೇನಿ" ಅಂದುಬಿಟ್ಟ. ಅದನ್ನು ಕೇಳಿದ ಮಾಳಪ್ಪ ಗಾಡಿ ಹತ್ತಿರ ತಂದು, ತಮ್ಮ ಬಿಲ್ಲೆ ತೆಗೆದು ಗೌಸಬಿಯವರ ಮುಂದೆ ಹಿಡಿದರು. "ನನ್ನ ಸಲುವಾಗಿ ನಿಮ್ಮ ಹೊಟ್ಟಿ ಮ್ಯಾಲ ಕಲ್ಲ ಬೀಳೋದ ಬ್ಯಾಡ್ರಿ. ನಂಗ ಆ ಕಡಿಂದ ಬರೋದು ರೂಢಿ ಆಗೇತಿ."

ಗೌಸಬಿಗೆ ಕಣ್ಣು ತುಂಬಿ ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಒಬ್ಬರು ಬಿಟ್ಟುಕೊಟ್ಟರೆ ಉಳಿದಿಬ್ಬರೂ ಬಿಡುತ್ತಾರೆ. ಮೂಲೆ ಹೋದ ಹಾಗೆಯೇ. ಬಿಲ್ಲೆಯನ್ನು ತೆಗೆದುಕೊಳ್ಳಲಿಲ್ಲ. "ನೀನ ಬ್ಯಾಡ ಅಂದ ಮ್ಯಾಲ ನಾ ಯಾರ ಕೂಡ ಜಗಳಾಡ್ಲೋ ತಮ್ಮಾ? ನಾಳಿಂದ ನಾ ಬಾಯಿ ತಗಿಯಂಗಿಲ್ಲ. ಜಾಗಾ ಇಟ್ಕೋತೀಯೋ ಬಿಡ್ತೀಯೋ, ನಿನ್ನ ಬಾಯಿಲೆ ನೀನ ಹೇಳು," ಅಂದರು.

ಮೂರು ದಿನ ಜೀಪು ಆರಾಮಾಗಿ ನಿಂತಿತು. ಮೂರು ದಿನ ಮಾಳಪ್ಪ ರಸ್ತೆಯಾಚೆಯಿಂದ ಕೈ ಊರಿಕೊಂಡು ಬಂದರು. ಗೌಸಬಿ ತುಟಿ ಕಚ್ಚಿ ಎಣಿಸುತ್ತ ಕೂತರು. ಬುತ್ತಿ ತೆರೆಯದೆ ಮನೆಗೆ ಮರಳಿತು. ರೊಟ್ಟಿ ಇಷ್ಟು ಕೆಟ್ಟವೇ ಎಂದು ಇಸ್ಮಾಯಿಲಸಾಬರು ನೊಂದುಕೊಂಡರು.

ನಾಲ್ಕನೇ ದಿನ ಅಕ್ಕಿಆಲೂರಿನ ಸಂತೆ. ತಿಪ್ಪವ್ವ ಎಲೆಯ ಪೆಂಡಿ ಹೇರಿಕೊಂಡು ಬಂದರು. ಮೂಲೆಯ ತುಂಬ ಜೀಪು. ಗಟಾರದ ಅಂಚಿಗೆ ಗಾಡಿ ನಿಲ್ಲಿಸಿ ಇಳಿಯಹೋದಾಗ ಊರುಗೋಲು ಜಾರಿತು. ಎಲೆಯ ಪೆಂಡಿ ಗಟಾರಕ್ಕೆ ಬಿತ್ತು. ಅವರು ಗಾಡಿಯ ಗಾಲಿ ಹಿಡಿದು ಹೇಗೋ ಉಳಿದುಕೊಂಡರು. ಮಾಳಪ್ಪ ಪಕ್ಕದಲ್ಲೇ ಇದ್ದರು, ಎಲ್ಲವನ್ನೂ ಕಂಡರು. ತನ್ನ ಜಾಗವನ್ನು ಕೊಡುವುದು ತನಗೆ ಬಿಟ್ಟದ್ದು, ತಿಪ್ಪವ್ವನ ಜಾಗವನ್ನೂ ತಾನು ಕೊಟ್ಟುಬಿಟ್ಟೆ ಎಂಬುದು ಆಗ ಹೊಳೆದಿರಬೇಕು. ಅಂಗೈಗೆ ಕಟ್ಟಿದ ರಬ್ಬರು ಬಿಚ್ಚಿ, ಮತ್ತೆ ಗಾಡಿ ಏರಿ, ಹಿಡಿಕೆ ತಿರುವುತ್ತ ಬಂದು ಜೀಪಿನ ಮೂತಿಗೆ ಅಡ್ಡ ನಿಂತರು.

"ಜೀಪ ತಗೀರಿ," ಅಂದರು.

"ಯಾರ ಜೀಪ ಗೊತ್ತೈತೇನು?" ಎಂದ ಚಾಲಕ.

"ಯಾರದರ ಇರ್ಲಿ. ಜಾಗಾ ನಮ್ದು." ಮಾಳಪ್ಪನವರ ದನಿ ನಡುಗುತ್ತಿತ್ತು, ಗಾಡಿ ಮಾತ್ರ ಅಲುಗಲಿಲ್ಲ.

ಬಂಕಾಪುರದ ಬಸ್ಸಿನ ಕಂಡಕ್ಟರು ಸೀಟಿ ಊದದೆ ಬಾಗಿಲಲ್ಲೇ ನಿಂತರು. ಬಸ್ಸಿನ ಕಿಟಕಿಗಳ ತುಂಬ ಮುಖಗಳು. ಚಾಲಕ ಅಭ್ಯಾಸಬಲದಿಂದ ಗೌಸಬಿಯವರ ಕಡೆ ನೋಡಿದ. ಗೌಸಬಿ ಬೇವಿನ ಎಲೆ ಎಣಿಸುತ್ತಿದ್ದರು. ಗದ್ದಲ ಕೇಳಿ ಗುತ್ತಿಗೆದಾರರು ಹೋಟೆಲಿನಿಂದ ಬಂದರು. ಗಟಾರದಲ್ಲಿ ಬಿದ್ದ ಎಲೆ ನೋಡಿದರು, ಮಾಳಪ್ಪನವರನ್ನು ನೋಡಿದರು. "ದಿನಾ ನೀವ ಆ ಕಡೆ ಹೊಂಟಿದ್ರಲ್ರಿ. ನಿಮಗ ಈ ಜಾಗಾ ಬ್ಯಾಡಾಗಿತ್ತು ಅಂತ ತಿಳಿದಿದ್ದೆ," ಎಂದು ತಡವರಿಸಿದರು. "ಬೇಕ್ರಿ," ಅಂದರು ಮಾಳಪ್ಪ. ಜೀಪು ಹೊರಟುಹೋಯಿತು. ಎಲೆಯನ್ನು ತೊಳೆದುಕೊಟ್ಟದ್ದು ಬಸ್ಸಿನ ಹೆಣ್ಣುಮಕ್ಕಳು.

ಈಗ ಮಾಳಪ್ಪ ಯಾರಿಗೂ ಜಾಗ ಬಿಡುವುದಿಲ್ಲ. ಅಷ್ಟೇ ಅಲ್ಲ, ದಿಲಾವರ ಬಾರದ ದಿನ ಅವರ ಪಾಲನ್ನೂ ಕಾಯುತ್ತಾರೆ. ಗೌಸಬಿಯವರಿಗೆ ನಲವತ್ತೇಳು ತುಂಬಿದೆ. ಮಂಡಿ ನೋಯುತ್ತದೆ, ದಮ್ಮಿದ್ದರೂ ಗಂಡ ಚೆನ್ನಾಗಿದ್ದಾರೆ, ಹೊಟ್ಟೆಗೆ ಕೊರತೆಯಿಲ್ಲ. ತಮಗಾಗಿ ಏನು ಬೇಕೆಂದರೆ ಮತ್ತೆ ಕಸಬರಿಗೆ ಎತ್ತಿಕೊಳ್ಳುತ್ತಾರೆ. "ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರಿನ ಸ್ಟ್ಯಾಂಡಿನ್ಯಾಗೂ ಹಿಂಗ ಒಂದೊಂದ ಮೂಲಿ ಖಾಲಿ ಇಡ್ರಿ ಅಂತ ಬರೀರಿ," ಅನ್ನುತ್ತಾರೆ ಕಡೆಗೆ.

ಜೀಪಿನ ಕತೆಯನ್ನು ಊರು ಬೇರೆಯೇ ಹೇಳುತ್ತದೆ: ಗೌಸಬಿಯ ಬಾಯಿಗೆ ಹೆದರಿ ಜೀಪು ಓಡಿತಂತೆ. ಅದನ್ನು ಕೇಳಿದರೆ ಮಾತ್ರ ಅವರು ಕಸಬರಿಗೆ ಕೆಳಗಿಟ್ಟು ನೆಟ್ಟಗೆ ನಿಲ್ಲುತ್ತಾರೆ.

"ಸುಳ್ಳ್ರಿ ಅದು," ಅನ್ನುತ್ತಾರೆ, ಮುಖದ ತುಂಬ ಹಿಗ್ಗು. "ಅವತ್ತ ನಾ ಒಂದ ಮಾತ ಸೈತ ಆಡಿಲ್ಲ."