ಶೀನಣ್ಣ ಬರೆದ ಹೆಸರು

ಏನು ಕೇಳಿದರೂ ಶೀನಣ್ಣನ ಬಾಯಲ್ಲಿ ಬರುತ್ತಿದ್ದುದು ಒಂದೇ ಮಾತು: “ಕಾಂಬ.” ನೋಡೋಣ ಅಂತ. ನಾಳೆ ದೋಣಿ ಉಂಟಾ? ಕಾಂಬ. ಹಲ್ಲುನೋವು ಇಳಿಯಿತಾ? ಕಾಂಬ. ಗಂಗೊಳ್ಳಿಯಿಂದ ಕುಂದಾಪುರಕ್ಕೆ ಹೊಳೆ ದಾಟಿಸುವಾಗ ಜನ ಬೇಕೆಂದೇ ಕೆಣಕುತ್ತಿದ್ದರು. “ಹ್ವಾಯ್ ಶೀನಣ್ಣ, ಜಲಜನ ಬುತ್ತಿ ಉಂಡ್ ಉಂಡ್ ಹೊಟ್ಟಿ ಬಂತ್. ಮದಿ ಊಟ ಯಾವಾಗ?” ಮದುವೆಯ ಮಾತು ಬಂದರೆ ಜಲಜ ಅಲ್ಲೇ ಕೂತು ನೀರು ನೋಡುತ್ತಿದ್ದಳು. ಶೀನಣ್ಣ ಹುಟ್ಟು ಹಾಕುತ್ತ, “ಕಾಂಬ.”

ಜಲಜ ನನ್ನ ನೆರೆಮನೆಯವಳು. ಕುಂದಾಪುರದ ಟೈಲರ್ ಅಂಗಡಿಯಲ್ಲಿ ಕೆಲಸ. ನಾನು ಮದುವೆಯಾಗಿ ಬರುವಾಗಲೇ ಇವರಿಬ್ಬರ ಸಂಗತಿ ಊರಿಗೆಲ್ಲ ಗೊತ್ತಿತ್ತು. ಕೂದಲು ನೆರೆತರೂ ಅದು ಬರೀ ಸಂಗತಿಯಾಗಿಯೇ ಉಳಿದಿತ್ತು. ಅವಳು ‘ಅಬ್ಬಿ’ ಎಂದು ಕರೆಯುವ ತಾಯಿ ಹಾಸಿಗೆ ಹಿಡಿದಿದ್ದರು, ಇತ್ತ ನನ್ನ ಅತ್ತೆಯೂ. ಸಂಜೆ ಬೇಲಿಯ ಆಚೀಚೆ ನಿಂತು ಬಟ್ಟೆ ಹಿಂಡುವಾಗ ನಮಗೆ ಮಾತಾಡುವ ತ್ರಾಣವೂ ಇರುತ್ತಿರಲಿಲ್ಲ. ಅತ್ತೆ ಎರಡು ತುತ್ತು ಉಂಡರೆ ಆ ದಿನದ ಮಟ್ಟಿಗೆ ದೇವರು ನಡೆಸಿಕೊಟ್ಟ ಅಂತ ಮಲಗುತ್ತಿದ್ದೆ.

ಒಂದು ಮಳೆಗಾಲ, ದೋಣಿ ನಿಂತಿದ್ದ ದಿನಗಳಲ್ಲಿ, ಶೀನಣ್ಣ ನಮ್ಮ ಜಗಲಿಗೆ ಬಂದ.

“ಅಕ್ಕಾ, ಅಬ್ಬಿನ್ ಬಿಟ್ಟ್ ಅವ್ಳ್ ಬತ್ತಿಲ್ಲೆ. ನಾನೇ ಆ ಮನಿಗ್ ಹೋಯ್ ಇಪ್ಪುದ್ ಅಂದ್ಕಂಡಿದ್ದೆ. ಬಾಯ್ ತೆಗ್ದ್ ಕೇಂಬುಕೆ ನಂಗ್ ಆತಿಲ್ಲೆ. ದೋಣಿ ಮೇಲ್ ಅವ್ಳ್ ಹೆಸ್ರ್ ಬರಿತೆ. ನೀವ್ ಅಕ್ಷರ ತೋರ್ಸಿ. ಅವ್ಳಿಗ್ ಹೇಳ್ಬೇಡಿ.”

ಮಳೆ ಕಳೆದು ದೋಣಿ ಇಳಿಸುವ ದಿನ ಅದರ ಮೂತಿಗೆ ಕುಂಕುಮ ಹಚ್ಚುವುದು ಮನೆಯ ಹೆಂಗಸು. ಅವನ ತಾಯಿ ಹೋದ ಮೇಲೆ ಆ ದೋಣಿ ಬರೀ ಹಣೆಯಲ್ಲೇ ನೀರಿಗಿಳಿಯುತ್ತಿತ್ತು. ಹೆಸರು ತೋರಿಸಿ, ಕುಂಕುಮದ ಬಟ್ಟಲನ್ನು ಜಲಜನ ಕೈಗೆ ಕೊಡುವುದು ಅವನ ಉಪಾಯ.

“ಬೇಡ ಅಂದರೆ?” ಎಂದೆ.

ಆಗ ಮಾತ್ರ ಕಾಂಬ ಎನ್ನಲಿಲ್ಲ. “ದೋಣಿ ಮಾರ್ತೆ. ಮತ್ತ್ ದಿನಾ ಅವ್ಳ್ ಮುಖ ಕಾಂಬುಕಾತ್ತಾ?”

ಜಗಲಿಯ ನೆಲದ ಮೇಲೆ ಇದ್ದಿಲಿನಿಂದ ಮೂರು ಅಕ್ಷರ ಬರೆದು ತೋರಿಸಿದೆ. ಅವನು ತೆಂಗಿನ ಗರಿಯ ಚಪ್ಪರದೊಳಗೆ, ಮಳೆಗಾಲಕ್ಕೆಂದು ಕವುಚಿ ಹಾಕಿದ್ದ ದೋಣಿಗೆ, ಯಾರಿಗೂ ಕಾಣದಂತೆ ಕೆಂಪು ಬಣ್ಣದಲ್ಲಿ ಬರೆದು ಮುಗಿಸಿದ.

ದೋಣಿ ಇಳಿಸುವ ದಿನ ಜಲಜನನ್ನು ನಾನೇ ಕರೆದುಕೊಂಡು ಹೋದೆ. ನಾಲ್ಕು ಜನ ಹೆಗಲು ಕೊಟ್ಟು ದೋಣಿ ಮಗುಚಿದರು. ಹೆಸರು ತಲೆಕೆಳಗಾಗಿ ನಿಂತಿತು! ಕವುಚಿದ ದೋಣಿಗೆ ನೇರಕ್ಕೆ ಬರೆದುಬಿಟ್ಟಿದ್ದ ಪುಣ್ಯಾತ್ಮ.

ಜನ ಹೊಟ್ಟೆ ಹಿಡಿದು ನಕ್ಕರು. ಅವನು ಬಟ್ಟಲು ಹಿಡಿದುಕೊಂಡೇ ಬಗ್ಗಿ ಹೆಸರು ನೋಡಿದ. ಜಲಜ ಕುತ್ತಿಗೆ ವಾಲಿಸಿ ಓದಿದಳು.

“ಹ್ವಾಯ್, ಇಷ್ಟ್ ವರ್ಷ ಕಾದದ್ದ್ ಇದ್ಕಾ?”

“ಅಳ್ಸಿ ಸಮಾ ಬರಿತೆ.”

“ಮುಟ್ಟಿ ಕಾಣಿ!” ಬಟ್ಟಲು ಕಿತ್ತುಕೊಂಡು ಕುಂಕುಮ ಹಚ್ಚಿದಳು. ಆಮೇಲೆ ಮೆಲ್ಲಗೆ, “ಅಬ್ಬಿನ್ ಎತ್ತುಕೆ ನಂಗ್ ಒಬ್ಳಿಗೇ ಆತಿಲ್ಲೆ. ಬಪ್ಪುದಾರ್ ಬೇಗ ಬನ್ನಿ.”

ದೇವಸ್ಥಾನದಲ್ಲಿ ತಾಳಿ ಕಟ್ಟಿ ಆ ಮನೆಗೇ ಹೋದ. ಮನೆ ಅಳಿಯ ಎಂದು ಕೆಲವರು ಹಂಗಿಸಿದರು. ಅವನು ಜಲಜನ ತಾಯಿಯನ್ನು ಮಗುವಿನಂತೆ ಎತ್ತಿ ಬಿಸಿಲಿಗೆ ಕೂರಿಸುತ್ತಿದ್ದ. ಕರೆದರೆ ಬಂದು ನನ್ನ ಅತ್ತೆಯ ಮಗ್ಗುಲು ತಿರುಗಿಸಿಕೊಡುತ್ತಿದ್ದ. ನನ್ನ ಸೊಂಟಕ್ಕೆ ಸಿಕ್ಕ ಬಿಡುವು ಅಷ್ಟೇ. ಅದಕ್ಕೂ ದೇವರ ಮುಂದೆ ದೀಪ ಹಚ್ಚಿದ್ದೇನೆ.

ಹೋದ ವರ್ಷ ಶೀನಣ್ಣನಿಗೆ ಎದೆನೋವು ಬಂದಾಗ ಜಲಜ ಆಸ್ಪತ್ರೆಗೆ ಹೊರಡಿ ಎಂದಳಂತೆ. “ಕಾಂಬ” ಎಂದನಂತೆ. ಅದೇ ಕೊನೆ.

ಮಳೆ ಕಳೆದರೂ ಈ ಸಲ ದೋಣಿಯನ್ನು ಯಾರೂ ಮಗುಚಲಿಲ್ಲ. ನಿನ್ನೆ ದೇವಸ್ಥಾನದಿಂದ ಬರುವಾಗ ಚಪ್ಪರದ ಹತ್ತಿರ ನಿಂತೆ. ಬಣ್ಣ ಇನ್ನೂ ಇದೆ. ಹೆಸರು ನೇರವಾಗಿ ಓದಲು ಬರುತ್ತದೆ.