ಮ್ವೆಂಡೆಯನ್ನು ಒಯ್ದ ಕಾನೂನು

ನೈರೋಬಿಯ ಸೌತ್ ಬಿ ಬಡಾವಣೆಯಲ್ಲಿ ಗರ್ಟ್ರೂಡ್ ಬಾಯಿ ಎಲ್ಲರಿಗೂ ಟೀಚರ್. ಮದುವೆಯಾಗಿ ಮಂಗಳೂರಿನಿಂದ ಬಂದವರು, ಜೀವಶಾಸ್ತ್ರ ಕಲಿಸುತ್ತಲೇ ತಲೆ ನರೆತವರು. ಗಂಡ ಪ್ಯಾಸ್ಕಲ್ ತೀರಿಕೊಂಡ ಮೇಲೆ ಮ್ವೆಂಡೆ ಎಂಬ ಅನಾಥ ಹುಡುಗಿಯನ್ನು ಸಾಕಲು ತಂದರು. ಅವಳನ್ನು ಒಪ್ಪಿಸಿದ್ದು ಸರ್ಕಾರದ ಮಕ್ಕಳ ರಕ್ಷಣಾ ಮಂಡಳಿ. ಮೊದಮೊದಲು ಹುಡುಗಿ ತುಟಿ ಬಿಚ್ಚಲಿಲ್ಲ. ಆಮೇಲೆ ಅವಳ ಮಾತು ನಿಲ್ಲಿಸುವುದೇ ಕಷ್ಟವಾಯಿತು.

ಆ ಮಂಡಳಿಯನ್ನು ಹುಟ್ಟಿಸಿದ ಕಾನೂನಿಗೆ ಒಂದು ಅವಧಿ ಇತ್ತು. ಅದು ಮುಗಿಯುವ ಮೊದಲು ಸಂಸತ್ತು ನವೀಕರಿಸಬೇಕಿತ್ತು. ಸದಸ್ಯರು ಮಂಡಳಿಯ ಅಧ್ಯಕ್ಷಗಿರಿ ಯಾರ ಕಡೆಯವರಿಗೆ ಎಂದು ಕಿತ್ತಾಡುತ್ತ ಕೂತರು. ಅವಧಿ ಮುಗಿದೇಹೋಯಿತು.

ಒಂದು ಬೆಳಿಗ್ಗೆ ಸರ್ಕಾರಿ ಕಾರು ಬಂತು. "ಪೋಲೆ, ಮಾಮಾ," ಕ್ಷಮಿಸಿ ಅಮ್ಮಾ, ಎಂದು ಅಧಿಕಾರಿ ಸ್ವಾಹಿಲಿಯಲ್ಲಿ ಹೇಳಿದ. ಮಂಡಳಿಯೇ ಇಲ್ಲದ ಮೇಲೆ ಅದರ ಆದೇಶವೂ ಇಲ್ಲ, ಹೊಸ ಕಾನೂನು ಬರುವ ತನಕ ಮಗು ಸರ್ಕಾರಿ ಆಶ್ರಯಧಾಮದಲ್ಲಿರಬೇಕು ಎಂದ. ಮ್ವೆಂಡೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಧಿಕಾರಿಯ ಜೊತೆ ಬಂದವರು ಬೆರಳು ಬಿಡಿಸಿ ಎತ್ತಿಕೊಂಡು ಹೋದರು.

ಪಕ್ಕದ ಮನೆಯ ಡಾಕ್ಟರ್ ವಿಮಲಾ, ಮೈಸೂರಿನವಳು, ಓಡಿ ಬಂದಳು. "ಸ್ವಲ್ಪ ತಾಳಿ ಆಂಟಿ. ಬಿಲ್ ಪಾಸ್ ಆದ್ರೆ ಎಲ್ಲ ಸರಿಹೋಗುತ್ತೆ."

"ನನಗೆ ತಾಳ್ಲಿಕ್ಕೆ ಹೇಳ್ಬೇಡ ವಿಮಲಾ. ಆ ಮಗುವಿಗೆ ಯಾರು ಹೇಳುದು, ತಾಳು ಅಂತ?"

ವಾರಕ್ಕೊಮ್ಮೆ ನೋಡಲು ಬಿಡುತ್ತಿದ್ದರು. ಪ್ರತಿ ಸಲವೂ ಮ್ವೆಂಡೆಯ ಮಾತು ಕಡಿಮೆಯಾಗಿರುತ್ತಿತ್ತು.

ಕೊನೆಗೆ ಸಂಸದೀಯ ಸಮಿತಿ ಜನರ ಅಭಿಪ್ರಾಯ ಕೇಳಲು ಸಭೆ ಕರೆಯಿತು. ಗರ್ಟ್ರೂಡ್ ಬಾಯಿ ವಿಮಲಾಳೊಂದಿಗೆ ಹೋದರು. ಅಲ್ಲಿ ಬೆಳಗಿನಿಂದ ನಡೆದದ್ದೆಲ್ಲ ಮಂಡಳಿಗೆ ಹೊಸ ಹೆಸರು, ಹೊಸ ಕಟ್ಟಡ, ಹೊಸ ಕಾರುಗಳ ಮಾತು. ಮಕ್ಕಳ ಸುದ್ದಿಯೇ ಇಲ್ಲ. ಸರದಿ ಬಂದಾಗ ಬಾಯಿ ಎದ್ದು ಮೈಕ್ ಹಿಡಿದರು. ಸ್ವಾಹಿಲಿಯಲ್ಲೇ ಹೇಳಿದರು: "ಮಟಾಟು ವ್ಯಾನಿನ ಲೈಸೆನ್ಸ್ ಮುಗಿದರೆ ಡ್ರೈವರನಿಗೆ ದಂಡ ಹಾಕುತ್ತೀರಿ. ನಿಮ್ಮ ಕಾನೂನು ಮುಗಿದರೆ ದಂಡ ತೆರುವುದು ನನ್ನ ಮಗುವೇ?"

ಸಮಯ ಮುಗಿಯಿತೆಂದು ಸಮಿತಿಯ ಅಧ್ಯಕ್ಷ ಮೈಕ್ ಆಫ್ ಮಾಡಿಸಿದ. ಕೊನೆಯ ಬೆಂಚಿಗೂ ಕೇಳುವಂತೆ ಪಾಠ ಮಾಡಿದ ಗಂಟಲಿಗೆ ಮೈಕ್ ಯಾಕೆ ಬೇಕು? "ಮುಂದೆಯೂ ನೀವು ತಡ ಮಾಡುತ್ತೀರಿ, ನನಗೆ ಗೊತ್ತು. ಆಗ ಮಕ್ಕಳನ್ನು ಇದ್ದ ಮನೆಯಿಂದ ಎಬ್ಬಿಸಬಾರದು ಎಂದು ಕಾನೂನಿನಲ್ಲೇ ಹಾಕಿ. ಹಾಕುತ್ತೇವೆ ಎನ್ನುವ ತನಕ ನಾನು ಕೂರುವುದಿಲ್ಲ." ಹಿಂದೆ ಕೂತಿದ್ದ ಬೇರೆ ಸಾಕುತಾಯಂದಿರೂ ಎದ್ದು ನಿಂತರು. ಅಧ್ಯಕ್ಷ ಒಪ್ಪಲೇಬೇಕಾಯಿತು.

ಕಾನೂನು ನವೀಕರಣವಾಯಿತು. ಬಾಯಿ ಕೇಳಿದ ಸಾಲೂ ಸೇರಿತ್ತು. ಮ್ವೆಂಡೆ ಮನೆಗೆ ಬಂದಳು. ಆದರೆ ಈಗ ನೀರು ಕುಡಿಯಲೂ ಅಪ್ಪಣೆ ಕೇಳುತ್ತಾಳೆ. ಶೂ ಹಾಕಿಕೊಂಡೇ ಮಲಗುತ್ತಾಳೆ.

ಹೊಸ ಮಂಡಳಿಯ ಉದ್ಘಾಟನೆಗೆ ಬಂದು ಎರಡು ಒಳ್ಳೆಯ ಮಾತಾಡಿ ಎಂದು ಗರ್ಟ್ರೂಡ್ ಬಾಯಿಗೆ ಮಂಡಳಿಯ ಕಚೇರಿಯಿಂದ ಫೋನ್ ಬಂತು. ಅವರು ಫೋನ್ ಹಿಡಿದುಕೊಂಡೇ ವಿಷಯ ಹೇಳಿದಾಗ ಜೊತೆಯಲ್ಲಿದ್ದ ವಿಮಲಾ ಕೇಳಿದಳು, "ಹೋಗ್ತೀರಾ ಆಂಟಿ?"

"ಅವರ ರಿಬ್ಬನ್ ಕತ್ತರಿಸ್ಲಿಕ್ಕೆ ನಾನು ಯಾಕೆ? ಹೋದ್ರೆ ಬೈದೇ ಬರುದು ನಾನು."

ಫೋನ್ ಮಾಡಿದವಳಿಗೂ ಅದನ್ನೇ ಹೇಳಿ, ಅವಳ ಉತ್ತರಕ್ಕೆ ಕಾಯದೆ ಇಟ್ಟುಬಿಟ್ಟರು.